ರಾಷ್ಟ್ರಗೀತೆಗೆ ಪಲ್ಲವಿ ಇಲ್ಲ

ಮೊನ್ನೆ ಪುಣೆಯ ಸದಾಶಿವ ಪೇಠದ ನಮ್ಮ ಮನೆಗೆ ಒಬ್ಬ ಹುಡುಗಿ ಬಂದಿದ್ದಳು. ಸಂಗೀತದಲ್ಲಿ ಪದವಿ ಮಾಡಿದ್ದಾಳೆ, ಕ್ರೀಡಾಕೂಟಗಳಿಗೆ ಸಂಗೀತ ಒದಗಿಸುವ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದೆ. "ಅಜ್ಜಿ, ನೀವು ಇದೇ ಕೆಲ್ಸಾ ಮಾಡೀರಂತಲ್ರಿ. ಭಾಳ ಮಜಾ ಇರಬೇಕಲ್ರಿ?" ಎಂದಳು. ನನಗೆ ಎಷ್ಟು ನಗು ಬಂತೆಂದರೆ ಒಲೆಯ ಮೇಲಿನ ಚಹಾ ಉಕ್ಕಿ ಹೋಯಿತು. ಅವಳಿಗೆ ಆಗ ಹೇಳಿದ್ದು ಅರ್ಧ. ಮಿಕ್ಕಿದ್ದನ್ನು ಬರೆದೇ ಬಿಡುತ್ತೇನೆ, ಅವಳಂಥವರು ಇನ್ನೂ ನಾಲ್ಕು ಜನ ಓದಿಕೊಳ್ಳಲಿ.

ನನ್ನ ಕೆಲಸ ಇಷ್ಟು. ಬೇರೆ ಬೇರೆ ದೇಶದವರು ಆಡಲು ಬರುವ ಕೂಟ ಪುಣೆಯಲ್ಲಿ ನಡೆದರೆ ಉದ್ಘಾಟನೆಯ ಹಾಡಿಗೆ ರಾಗ ಹಾಕಬೇಕು. ಆಟಗಾರರು ನಡೆದು ಬರುವಾಗ ಬಾರಿಸುವ ಧುನ್ ಕಟ್ಟಬೇಕು. ಪದಕ ಕೊಡುವಾಗ ಗೆದ್ದವರ ರಾಷ್ಟ್ರಗೀತೆಯನ್ನು ನಮ್ಮ ವಾದ್ಯವೃಂದದಿಂದ ನುಡಿಸಬೇಕು. ಕೇಳಿದರೆ ಘನವಾದ ಕೆಲಸವೇ. ಆದರೆ ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ.

ನಮ್ಮ ಅಪ್ಪ ಗದಗ, ಹುಬ್ಬಳ್ಳಿ ಕಡೆಯ ನಾಟಕ ಕಂಪನಿಗಳಲ್ಲಿ ಪೇಟಿ ಮಾಸ್ತರ. ಹಾರ್ಮೋನಿಯಮ್ಮಿಗೆ ನಮ್ಮಲ್ಲಿ ಪೇಟಿ ಎನ್ನುತ್ತಾರೆ. ಕಿವಿಗೆ ಬಿದ್ದದ್ದನ್ನು ಕೂಡಲೇ ಸ್ವರಕ್ಕೆ ಹಾಕುವುದನ್ನು ಅವರು ನನಗೆ ಲೆಕ್ಕ ಕಲಿಯುವ ಮೊದಲೇ ಕಲಿಸಿದ್ದರು. ತರಕಾರಿ ಮಾರುವವಳ ಕೂಗನ್ನೂ ಸರಿಗಮದಲ್ಲಿ ಬರೆಸುತ್ತಿದ್ದರು. ಇನ್ನೊಂದು ಮಾತನ್ನು ಬೆತ್ತ ಹಿಡಿದೇ ಹೇಳುತ್ತಿದ್ದರು: "ಮಾಲತೀ, ಪಲ್ಲವಿ ಅಂದ್ರ ಹಾಡಿನ ಮನಿ. ಎಲ್ಲೆಲ್ಲೆ ತಿರಗ್ಯಾಡಿದ್ರೂ ಕಡೀಕ ಮನೀಗೆ ಬಾ. ಹಾಡನ್ನ ಬೀದ್ಯಾಗ ಬಿಟ್ಟು ಬರಬ್ಯಾಡ." ಈ ಮಾತನ್ನು ನೆನಪಿಡಿ. ನನ್ನನ್ನು ಮುಂದೆ ಮುಳುಗಿಸಿದ್ದು ಇದೇ.

ಮದುವೆಯಾಗಿ ಪುಣೆಗೆ ಬಂದೆ. ಧ್ವನಿಮುದ್ರಣದ ಸ್ಟುಡಿಯೋ ಒಂದರಲ್ಲಿ ವಾದ್ಯದವರಿಗೆ ಸ್ವರ ಬರೆದು ಕೊಡುವ ಕೆಲಸ ಹಿಡಿದೆ. ಅಲ್ಲಿಂದ ಕ್ರೀಡಾಕೂಟಗಳಿಗೆ ಹೇಗೆ ಬಂದೆ, ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬುದನ್ನು ಬಿಡುತ್ತೇನೆ. ಅದರಿಂದ ಯಾರಿಗೂ ಉಪಯೋಗವಿಲ್ಲ, ನನಗೂ ಆಗಲಿಲ್ಲ.

ಮೊದಲು ಉದ್ಘಾಟನೆಯ ಹಾಡಿನ ಗೋಳು ಕೇಳಿ. ಅದನ್ನು ಒಬ್ಬರು ಬರೆಯುವುದಿಲ್ಲ, ಒಂದು ಸಮಿತಿ ಬರೆಯುತ್ತದೆ. ಹಾಡು ಪುಣೆಯದೂ ಆಗಿರಬೇಕು, ಇಡೀ ದೇಶದ್ದೂ ಆಗಿರಬೇಕು, ಜಗತ್ತಿಗೂ ತಿಳಿಯಬೇಕು, ಮೂರು ನಿಮಿಷದಲ್ಲಿ ಮುಗಿಯಬೇಕು. ಒಬ್ಬರಿಗೆ ಲೇಜೀಮ್ ಬೇಕು, ಇನ್ನೊಬ್ಬರಿಗೆ ಢೋಲು-ತಾಶೆ ಬೇಕು, ಮೂರನೆಯವರು ಯಾವುದೋ ದೇಶಕ್ಕೆ ಹೋಗಿ ಬಂದಿದ್ದಾರೆ, ಅವರಿಗೆ ಅಲ್ಲಿ ಕೇಳಿದ ಪೀಪಿಯ ಸದ್ದು ಬೇಕು. ಒಂದು ಸಲ ಕೂಟದ ಗುರುತಿಗೆ ಒಂದು ಅಳಿಲಿನ ಗೊಂಬೆ ಮಾಡಿದ್ದರು. ಹಾಡಿನ ಪ್ರತಿ ಚರಣದಲ್ಲೂ ಆ ಅಳಿಲಿನ ಹೆಸರು ಬರಲೇಬೇಕೆಂದು ಹಟ ಹಿಡಿದರು. ಬಂತು. ಹಾಡು ಕೇಳಿದವರಿಗೆ ಇದು ಕುಸ್ತಿಯ ಕೂಟವೋ ಪ್ರಾಣಿಸಂಗ್ರಹಾಲಯದ ಉದ್ಘಾಟನೆಯೋ ತಿಳಿಯಲಿಲ್ಲ. ಅದಕ್ಕೆ ರಾಗ ಹಾಕಿದವಳು ನಾನು ಎಂದು ಇವತ್ತಿಗೂ ಎಲ್ಲೂ ಹೇಳುವುದಿಲ್ಲ, ಇಲ್ಲಿ ಮಾತ್ರ ಹೇಳಿದ್ದೇನೆ.

ಮೈದಾನದ ಧ್ವನಿಯದ್ದು ಇನ್ನೊಂದು ತಲೆನೋವು. ಈ ತುದಿಯಲ್ಲಿ ಬಾರಿಸಿದ್ದು ಆ ತುದಿಗೆ ಮುಟ್ಟುವಷ್ಟರಲ್ಲಿ ತಾಳ ಅರ್ಧ ಮಾತ್ರೆ ಹಿಂದೆ ಬಿದ್ದಿರುತ್ತದೆ. ಶಾಲೆಯ ಮಕ್ಕಳನ್ನು ಮೈದಾನದ ಸುತ್ತ ನಿಲ್ಲಿಸಿ ಒಟ್ಟಿಗೆ ಚಪ್ಪಾಳೆ ತಟ್ಟಿಸಬೇಕೆಂದು ಮೇಲಿನವರು ಹೇಳಿದಾಗ, ಆಗದು ಎಂದೆ. "ಪ್ರಾಕ್ಟೀಸ್ ಮಾಡಿಸಿ" ಎಂದರು. ಧ್ವನಿಗೆ ಪ್ರಾಕ್ಟೀಸ್ ಮಾಡಿಸಿ ಜೋರಾಗಿ ಓಡಿಸುವ ವಿದ್ಯೆ ನನಗೆ ಬರುವುದಿಲ್ಲ. ಉದ್ಘಾಟನೆಯ ದಿನ ಆ ಚಪ್ಪಾಳೆ, ಹೆಂಚಿನ ಮೇಲೆ ಆಲಿಕಲ್ಲು ಬಿದ್ದಂತೆ ಕೇಳಿಸಿತು. ಬೈಸಿಕೊಂಡದ್ದು ನಾನು.

ಇನ್ನು ಗಣ್ಯರು. ಅವರು ಬರುವಾಗ ಬಾರಿಸಲೆಂದು ಒಂದು ನಿಮಿಷದ ಸ್ವಾಗತದ ಧುನ್ ಕಟ್ಟಿರುತ್ತೇವೆ. ಗಣ್ಯರು ಬಂದರು, ಬಾರಿಸಿ ಎಂದು ಸನ್ನೆಯಾಗುತ್ತದೆ. ಬಾರಿಸುತ್ತೇವೆ. ಬಂದದ್ದು ಗಣ್ಯರಲ್ಲ, ಅವರ ಮುಂದಿನ ಪೊಲೀಸ್ ಜೀಪು. ಆದರೂ ನಿಲ್ಲಿಸುವ ಹಾಗಿಲ್ಲ. ಹೀಗೆ ಒಂದು ಸಲ ಮುಕ್ಕಾಲು ತಾಸು ಅದೇ ಧುನ್ ಬಾರಿಸಿದೆವು. ನನ್ನ ವಾದ್ಯವೃಂದದಲ್ಲಿ ಕ್ಲಾರಿನೆಟ್ ನುಡಿಸುವ ಹಣಮಂತಪ್ಪ ಇದ್ದ. ಕಲಬುರಗಿ ಕಡೆಯವನು, ಪುಣೆ ಹತ್ತಿರದ ತಳೇಗಾಂವದ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತ ರಜೆಯಲ್ಲಿ ಮದುವೆ ಬ್ಯಾಂಡಿನಲ್ಲಿ ಊದುತ್ತಿದ್ದವನು. ಅಂಥ ಉಸಿರು ನಾನು ಬೇರೆ ಯಾರಲ್ಲೂ ಕಂಡಿಲ್ಲ. ಅಂಥವನೂ ಅವತ್ತು ತುಟಿ ಒರೆಸಿಕೊಳ್ಳುತ್ತ, "ಅಕ್ಕಾರ, ಹಾಡಿದ್ದ ಹಾಡೋ ಕಿಸಬಾಯಿ ದಾಸ ಅಂತ ನಮ್ಮನ್ನ ನೋಡೇ ಹೇಳ್ಯಾರೇನ್ರಿ?" ಎಂದ. ನಾನು ನಕ್ಕೆ. ನಕ್ಕಿದ್ದಕ್ಕೂ ಒಂದು ಮೆಮೊ ಬಂತು.

ಮೆಮೊ ಕಳಿಸಿದವರು ಸಮಾರಂಭಗಳ ಮುಖ್ಯಾಧಿಕಾರಿ ಸಹಸ್ರಬುದ್ಧೆ ಸಾಹೇಬರು. ಹೆಸರಿನಲ್ಲಿ ಸಾವಿರ ಬುದ್ಧಿ ಇತ್ತು. ಅದರಲ್ಲಿ ಒಂದನ್ನು ಸಂಗೀತಕ್ಕೆಂದು ಎತ್ತಿಟ್ಟಿದ್ದರೂ ನನ್ನ ಜೀವನ ಸುಖವಾಗಿರುತ್ತಿತ್ತು. ಮನುಷ್ಯ ಕೆಟ್ಟವರಲ್ಲ. ಕೈಯಲ್ಲಿ ಸದಾ ಒಂದು ಗಡಿಯಾರ, ಎದೆಯ ಮೇಲೆ ಮೂರು ಗುರುತಿನ ಚೀಟಿ. ಸಂಗೀತವೆಂದರೆ ಅವರಿಗೆ ಎರಡು ಭಾಷಣಗಳ ನಡುವಿನ ಜಾಗ ತುಂಬುವ ವಸ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಅದು ಮಹಿಳೆಯರ ಕುಸ್ತಿಯ ಅಂತರರಾಷ್ಟ್ರೀಯ ಕೂಟ. ಪಾಲ್ಗೊಳ್ಳುವ ಎಲ್ಲ ದೇಶಗಳ ರಾಷ್ಟ್ರಗೀತೆಯ ಸ್ವರ ತರಿಸಿಕೊಡಿ ಎಂದು ನಾನು ತಿಂಗಳುಗಟ್ಟಲೆ ಸಾಹೇಬರ ಬೆನ್ನು ಹತ್ತಿದ್ದೆ. ಅವರು ಪಟ್ಟಿಯ ಮೇಲೆ ಬೆರಳಾಡಿಸಿ, ಗೆಲ್ಲುವಂಥ ದೇಶಗಳದ್ದು ಸಾಕು ಎಂದರು. ಯಾರು ಗೆಲ್ಲುತ್ತಾರೆಂದು ಇವರಿಗೆ ಮೊದಲೇ ಗೊತ್ತಿದ್ದರೆ ಕೂಟ ಯಾಕೆ ನಡೆಸಬೇಕು, ಮನೆಮನೆಗೆ ಪದಕ ಅಂಚೆಯಲ್ಲಿ ಕಳಿಸಿದರಾಯಿತು ಎಂದು ನನ್ನ ಬಾಯಿಗೆ ಬಂದಿತ್ತು. ನುಂಗಿಕೊಂಡೆ. ನುಂಗಿಕೊಳ್ಳಬಾರದಿತ್ತು.

ಒಂದು ಪುಟ್ಟ ದ್ವೀಪದೇಶದಿಂದ ಇಬ್ಬರೇ ಬಂದಿದ್ದರು, ಒಬ್ಬಳು ಪೈಲ್ವಾನಳು, ಒಬ್ಬರು ಮುದುಕ ತರಬೇತುದಾರ. ದೇಶದ ಹೆಸರು ಬರೆಯುವುದಿಲ್ಲ, ಒಂದು ಸಲ ಆದ ಮುಜುಗರ ಸಾಕು. ಅವಳ ಹೆಸರು ಸೀಲಾ ಎಂದೇನೋ ಇತ್ತು. ಹಣಮಂತಪ್ಪ ಮೊದಲ ದಿನವೇ ಶೀಲವ್ವ ಮಾಡಿಬಿಟ್ಟ. ಮೋಟು ಕೂದಲು, ಗಟ್ಟಿ ಕುತ್ತಿಗೆ, ನಕ್ಕರೆ ಮುಂದಿನ ಒಂದು ಹಲ್ಲು ಇಲ್ಲ. ಆ ಶೀಲವ್ವ ಒಬ್ಬೊಬ್ಬರನ್ನೇ ಚಾಪೆಗೆ ಬೆನ್ನು ಹಚ್ಚುತ್ತ ಹೋಗಿ, ಕೊನೆಯ ದಿನ ಮಧ್ಯಾಹ್ನ ಚಿನ್ನವನ್ನೇ ಗೆದ್ದಳು. ಆ ದೇಶಕ್ಕೆ ಯಾವ ಆಟದಲ್ಲಿಯೂ ಅದು ಮೊದಲನೆಯ ಚಿನ್ನವಂತೆ.

ಸಹಸ್ರಬುದ್ಧೆ ಸಾಹೇಬರು ಓಡಿ ಬಂದರು. ಪದಕ ಸಮಾರಂಭಕ್ಕೆ ನಲವತ್ತು ನಿಮಿಷವಿದೆ, ಅವರ ಗೀತೆ ಎಲ್ಲಿ ಎಂದು ನನ್ನನ್ನೇ ಕೇಳಿದರು! ಫೋನು ಹಚ್ಚಿದರು, ಆ ದೇಶದಲ್ಲಿ ಆಗ ಎಲ್ಲರೂ ಮಲಗಿದ್ದರು. ಇಂಟರ್ನೆಟ್ಟು ಇತ್ತು, ಆದರೆ ಕಚೇರಿಯ ಕಂಪ್ಯೂಟರಿನಲ್ಲಿ ಹಾಡು ಕೇಳುವುದಕ್ಕೆ ನಿರ್ಬಂಧ ಹಾಕಿದವರೂ ಇವರೇ. "ಗೀತೆ ಇಲ್ಲದೆ ಪದಕ ಕೊಡೋಣ, ಏನಾಗುತ್ತದೆ?" ಎಂದರು. ನನಗೆ ಮೈ ಉರಿಯಿತು. ಆ ಹುಡುಗಿ ಅಷ್ಟು ದೂರದಿಂದ ಬಂದು, ಹಲ್ಲು ಕಳೆದುಕೊಂಡು ಕಲಿತು, ಗೆದ್ದು, ಮೂಕಿಯ ಹಾಗೆ ಪದಕದ ಮೆಟ್ಟಿಲ ಮೇಲೆ ನಿಲ್ಲಬೇಕೇ? ಅವಳನ್ನು ಕರೆತನ್ನಿ, ನಾನು ಬರೆದುಕೊಳ್ಳುತ್ತೇನೆ ಎಂದೆ.

ತರಬೇತುದಾರ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದರು. ಶೀಲವ್ವನೇ ಬಂದಳು. ಬಟ್ಟೆ ಬದಲಿಸುವ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು, ಬ್ಯಾಂಡೇಜು ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ ಹಾಡಿದಳು. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಬಾರದು, ಇಂಗ್ಲಿಷು ಇಬ್ಬರಿಗೂ ಅಷ್ಟಕ್ಕಷ್ಟೆ. ಸ್ವರ ಮಾತ್ರ ಸ್ಪಷ್ಟವಾಗಿತ್ತು. ಪೇಟಿಯಲ್ಲಾದರೆ ಕರಿ ನಾಲ್ಕರ ಶ್ರುತಿ. ನಾನು ಸರಸರ ಬರೆದುಕೊಂಡೆ. ಇನ್ನೊಮ್ಮೆ ಎಂದು ಬೆರಳು ತಿರುಗಿಸಿ ತೋರಿಸಿದೆ. ಅವಳು ಮತ್ತೆ ಮೊದಲ ಸಾಲು ಹಾಡಿದಳು. ನಾನು ಬರೆದದ್ದು ಸರಿಯಿದೆ ಎಂದು ಖಾತ್ರಿಯಾಗಿ ಅಲ್ಲಿಗೆ ಸಾಕು ಎಂದೆ. ಆದರೆ ಆ ಸಾಲನ್ನು ಬರೆದೂ ಆಗಿತ್ತು. ಕಾಗದದ ಮೇಲೆ ಹಾಡಿನ ಕೊನೆಗೆ ಮೊದಲ ಸಾಲು ಮತ್ತೊಮ್ಮೆ ಬಂದು ಕೂತಿತು.

ಅದನ್ನು ಅಳಿಸಬೇಕಿತ್ತು. ಅಳಿಸಬೇಕೆಂದು ನನಗೆ ತೋಚಲೇ ಇಲ್ಲ! ಹುಟ್ಟಿದಾಗಿನಿಂದ ನಾನು ಕೇಳಿದ, ಬರೆದ, ಬಾರಿಸಿದ ಹಾಡುಗಳೆಲ್ಲ ತಿರುಗಿ ಪಲ್ಲವಿಗೇ ಬಂದಿವೆ. ದಾಸರ ಪದ ಬರುತ್ತದೆ, ನಾಟಕದ ಹಾಡು ಬರುತ್ತದೆ, ಮರಾಠಿ ಅಭಂಗ ಬರುತ್ತದೆ, ಸೋಬಾನೆ ಬರುತ್ತದೆ. ಹನ್ನೆರಡು ಜನ ವಾದ್ಯದವರಿಗೆ ಪ್ರತಿ ಮಾಡಿ ಕೊಟ್ಟೆ, ಅವರಲ್ಲಿ ಒಬ್ಬನಿಗೂ ಅನುಮಾನ ಬರಲಿಲ್ಲ. ಅವರೂ ನನ್ನ ಹಾಗೇ ಬೆಳೆದವರು. ಬೇರೆ ದೇಶಗಳ ಗೀತೆಗಳನ್ನು ಅಚ್ಚಾದ ಕಾಗದ ನೋಡಿ ಬಾರಿಸುತ್ತಿದ್ದೆವು, ಅಲ್ಲಿ ಯೋಚಿಸುವುದೇನೂ ಇರಲಿಲ್ಲ. ಇದೊಂದನ್ನು ಕಿವಿಯಿಂದ ಬರೆದೆವು, ಕಿವಿ ತನ್ನ ಊರಿನ ರೂಢಿಯನ್ನೇ ಮಾಡಿತು.

ಸಮಾರಂಭ ಶುರುವಾಯಿತು. ಹಣಮಂತಪ್ಪನ ಕ್ಲಾರಿನೆಟ್ ಮೊದಲ ಸಾಲು ಎತ್ತಿದಾಗ ಸಭಾಂಗಣವೆಲ್ಲ ಎದ್ದು ನಿಂತಿತು. ಧ್ವಜ ಏರಿತು. ಕೊನೆಯ ಸಾಲು ಮೇಲಿನ ಷಡ್ಜಕ್ಕೆ ಹೋಗಿ ನಿಂತಿತು, ಧ್ವಜವೂ ಸರಿಯಾಗಿ ತುದಿ ಮುಟ್ಟಿತು. ಜನ ಕೂತುಕೊಳ್ಳತೊಡಗಿದರು. ಆಗ ನಾವೆಲ್ಲರೂ ಸಲೀಸಾಗಿ, ನೆಮ್ಮದಿಯಿಂದ, ಪಲ್ಲವಿಗೆ ಮರಳಿದೆವು.

ಕೂತವರು ಅರ್ಧಕ್ಕೆದ್ದರು. ಎದ್ದವರು ಮುಖ ಮುಖ ನೋಡಿಕೊಂಡರು. ನಾನು ವಾದ್ಯದವರ ಕಡೆ ತಿರುಗಿ ನಿಂತಿದ್ದವಳು, ಬೆನ್ನ ಹಿಂದೆ ಏನಾಗುತ್ತಿದೆ ಎಂಬುದೇ ಗೊತ್ತಿಲ್ಲ, ಇದೆಲ್ಲ ಆಮೇಲೆ ಬೇರೆಯವರು ಹೇಳಿದ್ದು. ಸಾಲು ಮುಗಿಸಿ, ಕೈ ಇಳಿಸಿ, ಚೆನ್ನಾಗಿ ಬಂತು ಎಂದು ಸಮಾಧಾನದಿಂದ ತಿರುಗಿದರೆ ಎದುರಿಗೆ ಸಹಸ್ರಬುದ್ಧೆ ಸಾಹೇಬರು. ಮುಖ ಕೆಂಪಗೆ ಕಾದಿತ್ತು.

"ಮ್ಯಾಡಮ್, ತೇ ರಾಷ್ಟ್ರಗೀತ ಆಹೇ, ಭಾವಗೀತ ನಾಹೀ!"

ಅದು ರಾಷ್ಟ್ರಗೀತೆ, ಭಾವಗೀತೆಯಲ್ಲ ಎಂದು ಅವರು ಮರಾಠಿಯಲ್ಲಿ ಗದರಿದ ಆ ಕ್ಷಣಕ್ಕೆ ನನಗೆ ತಿಳಿಯಿತು. ಒಂದು ದೇಶದ ಗೀತೆಗೆ ನಾನು, ಗದಗಿನ ಪೇಟಿ ಮಾಸ್ತರರ ಮಗಳು, ಒಂದು ಸಾಲು ಸೇರಿಸಿದ್ದೆ. ಅದೂ ಅವರ ಮೊದಲನೆಯ ಚಿನ್ನದ ದಿನ.

"ಶೀಲವ್ವ ಏನ್ ಮಾಡಿದಳೋ?" ಎಂದು ಹಣಮಂತಪ್ಪನನ್ನು ಕೇಳಿದೆ. ಅವನು ಮೆಟ್ಟಿಲಿಗೆ ಎದುರಾಗಿ ಕೂತಿದ್ದ.

"ಅತ್ತಳ್ರಿ ಅಕ್ಕಾರ."

"ಯಾವಾಗ? ಮೊದಲೋ, ನಾವು ತಿರುಗಿ ಎತ್ತಿದ ಮ್ಯಾಲೋ?"

"ತಿರುಗಿ ಎತ್ತಿದ ಮ್ಯಾಲೆ."

"ಯಾಕ ಅತ್ತಳೋ?"

"ಅದು ನನಗ ಹ್ಯಾಂಗ ತಿಳೀಬೇಕ್ರಿ? ಬಾಯಾಗ ಕ್ಲಾರಿನೆಟ್ ಇತ್ತು."

ಹೋಗಿ ಅವಳ ಕ್ಷಮೆ ಕೇಳುತ್ತೇನೆ ಎಂದರೆ ಸಾಹೇಬರು ಬಿಡಲಿಲ್ಲ, ನಾನು ಹೋದರೆ ಇನ್ನೇನಾದರೂ ಹಾಡಿಸಿ ಬರುತ್ತೇನೆಂದು ಅವರಿಗೆ ಭಯ. ಮರುದಿನ ಬೆಳಿಗ್ಗೆ ಶೀಲವ್ವ, ಅವಳ ತರಬೇತುದಾರ ಇಬ್ಬರೂ ವಿಮಾನ ಹತ್ತಿ ಹೋದರು. ವಾರದಲ್ಲಿ ಆ ದೇಶದಿಂದ ಪತ್ರ ಬಂತು, ನಮ್ಮ ಗೀತೆಯನ್ನು ಯಾರ ಅನುಮತಿಯಿಂದ ಬದಲಿಸಿದಿರಿ ಎಂದು. ಉತ್ತರ ಬರೆಯುವುದೂ ನನ್ನ ತಲೆಗೇ ಬಂತು. "ನಮ್ಮ ಸಂಪ್ರದಾಯದಲ್ಲಿ ಹಾಡು ತಿರುಗಿ ಪಲ್ಲವಿಗೆ ಬರುತ್ತದೆ" ಎಂದು ಬರೆದೆ. ಸಾಹೇಬರು ಅದನ್ನು ಹೊಡೆದು ಹಾಕಿ, "ತಾಂತ್ರಿಕ ದೋಷ" ಎಂದು ತಿದ್ದಿದರು. ಇಷ್ಟು ವರ್ಷ ಕಲಿತ ವಿದ್ಯೆಗೆ ಅವರು ಕೊಟ್ಟ ಹೆಸರು ಅದು.

ಅದಾದ ಮೇಲೆ ಪದಕ ಸಮಾರಂಭಕ್ಕೆ ವಾದ್ಯವೃಂದವೇ ಬೇಡವೆಂದು ತೀರ್ಮಾನವಾಯಿತು. ಎಲ್ಲ ಗೀತೆಗಳೂ ಮುದ್ರಿಸಿದ ರೂಪದಲ್ಲಿ ಬರುತ್ತವೆ, ಗುಂಡಿ ಒತ್ತಿದರೆ ಸಾಕು. ಎಂದಾದರೂ ಅದು ಆಗುವುದೇ ಇತ್ತು ಎನ್ನುವವರಿದ್ದಾರೆ. ಇರಬಹುದು. ಆದರೆ ಹನ್ನೊಂದು ಜನರ ವಾದ್ಯಗಳ ಜೊತೆ ಹಣಮಂತಪ್ಪನ ಕ್ಲಾರಿನೆಟ್ಟನ್ನೂ ಪೆಟ್ಟಿಗೆಗೆ ಹಾಕಿಸಿದ್ದು ನನ್ನ ತಪ್ಪು. ಅವನಿಗೆ ಹೇಳಲು ತಳೇಗಾಂವಕ್ಕೆ ಹೋಗಿದ್ದೆ. ಅವನೇ ನನಗೆ ಸಮಾಧಾನ ಹೇಳಿದ.

"ಹೋಗ್ಲಿ ಬಿಡ್ರಿ ಅಕ್ಕಾರ. ನಾವು ಸರಿಯಾಗೇ ಮನೀಗೆ ಬಂದ್ವಿ. ಅವ್ರು ಬಾಗಲಾ ಹಾಕ್ಕೊಂಡ್ರು."

ನಾನು ಮಾತ್ರ ಕೆಲಸ ಬಿಡಲಿಲ್ಲ. ಬಿಟ್ಟಿದ್ದರೆ ಮರ್ಯಾದೆಯಿರುತ್ತಿತ್ತು. ಗುಂಡಿ ಒತ್ತುವವಳಾಗಿ ಉಳಿದೆ. ಸಹಸ್ರಬುದ್ಧೆ ಸಾಹೇಬರು ನಿವೃತ್ತರಾದರು. ಕೂಟ ನಡೆಸುವ ಗುತ್ತಿಗೆ ಪುಣೆಯದೇ ಖರಾಡಿಯ ಕಂಪನಿಯೊಂದರ ಕೈಗೆ ಹೋಯಿತು, ಅಲ್ಲಿಂದ ಕಾರ್ತಿಕ್ ಎಂಬ ಬೆಂಗಳೂರಿನವನು ನನ್ನ ಮೇಲಧಿಕಾರಿಯಾಗಿ ಬಂದ. ನನ್ನ ಮಗನಿಗಿಂತ ಚಿಕ್ಕವನು, ಒಳ್ಳೆಯ ಹುಡುಗನೇ, ಆದರೆ ಅವನಿಗೆ ಮೌನವೆಂದರೆ ಆಗದು. ಎಲ್ಲಿ ಎರಡು ಗಳಿಗೆ ಸದ್ದಿಲ್ಲವೋ ಅಲ್ಲಿ ಒಂದು ಜಾಹೀರಾತು ತುರುಕುತ್ತಿದ್ದ.

"ಮೇಡಮ್, ನೀವೇನೂ ಟೆನ್ಶನ್ ತಗೋಬೇಡಿ. ಆಂಥಮ್ ಫೈಲ್ ಪ್ಲೇ ಮಾಡಿ, ಮುಗಿದ ಮೇಲೆ ಟೂ ಸೆಕೆಂಡ್ಸ್ ಗ್ಯಾಪ್, ಆಮೇಲೆ ಸ್ಪಾನ್ಸರ್ ಸಿಮೆಂಟ್ ಕಂಪನಿ ಜಿಂಗಲ್. ಅಷ್ಟೇ, ಸಿಂಪಲ್."

"ಅಲ್ಲಪ್ಪಾ, ಅವರ ಕಣ್ಣೀರು ಆರೋದ್ರಾಗ ಸಿಮೆಂಟಿನ ಹಾಡು ಹಚ್ಚಬೇಕೇನು?"

"ಸ್ಪಾನ್ಸರ್‌ಗೆ ಕಮಿಟ್ ಮಾಡಿದ್ದೀವಿ ಮೇಡಮ್."

ಇಂಥ ಸಿಂಪಲ್ ಕೆಲಸವನ್ನು ಎಷ್ಟೋ ವರ್ಷ ಮಾಡಿದೆ. ರಾಷ್ಟ್ರಗೀತೆ, ಎರಡು ಸೆಕೆಂಡು, ಸಿಮೆಂಟು. ತಪ್ಪು ಮಾಡಲು ಅಲ್ಲಿ ಜಾಗವೇ ಇರಲಿಲ್ಲ. ಆದರೆ ಒಂದೊಂದು ಪದಕಕ್ಕೂ ನನಗೆ ಶೀಲವ್ವ ನೆನಪಾಗುತ್ತಿದ್ದಳು. ಅವಳು ಯಾಕೆ ಅತ್ತಳು? ಅವಳ ದೊಡ್ಡ ದಿನವನ್ನು ನಾನು ಕೆಡಿಸಿದೆನೇ? ಕೆಡಿಸಿದ್ದರೆ ಅದನ್ನು ತಿದ್ದುವ ಹಾಗಿಲ್ಲ, ಕೆಡಿಸಿಲ್ಲವೆಂದು ಹೇಳುವವರೂ ಇಲ್ಲ.

ನಿವೃತ್ತಿಗೆ ಎರಡು ತಿಂಗಳಿರುವಾಗ ಮತ್ತೆ ಮಹಿಳೆಯರ ಕುಸ್ತಿಯ ಕೂಟ ಬಂತು. ಸಭಾಂಗಣದ ಮೂಲೆಯಲ್ಲಿ, ಪದಕದ ಮೆಟ್ಟಿಲಿನ ಹತ್ತಿರವೇ ನನ್ನ ಮೇಜು, ಲ್ಯಾಪ್‌ಟಾಪು, ಕಿವಿಗೆ ಹೆಡ್‌ಫೋನು. ಪಟ್ಟಿಯಲ್ಲಿ ಆ ದ್ವೀಪದೇಶದ ಹೆಸರಿತ್ತು. ನೋಡಿದರೆ ಪೈಲ್ವಾನಳಾಗಿ ಬಂದವಳು ಯಾವಳೋ ಎಳೆಯಳು, ಅವಳ ಹಿಂದೆ ತರಬೇತುದಾರಳಾಗಿ ಶೀಲವ್ವ. ಮೈ ತುಂಬಿಕೊಂಡಿತ್ತು, ಕೂದಲು ಅರ್ಧ ಬೆಳ್ಳಗಾಗಿತ್ತು, ಹಲ್ಲು ಮಾತ್ರ ಹಾಕಿಸಿಕೊಂಡಿರಲಿಲ್ಲ. ಎದುರಿಗೆ ಹೋಗಲು ನನಗೆ ಧೈರ್ಯ ಬರಲಿಲ್ಲ. ಮೂರು ದಿನ ಕಂಬದ ಮರೆಯಲ್ಲೇ ಓಡಾಡಿದೆ, ಈ ವಯಸ್ಸಿನಲ್ಲಿ!

ನಾಲ್ಕನೆಯ ದಿನ ಅವಳ ಶಿಷ್ಯೆ ಚಿನ್ನ ಗೆದ್ದಳು. ಈ ಸಲ ಗೀತೆ ನನ್ನ ಮುಂದೆ ಸಿದ್ಧವಿತ್ತು. ಆ ದೇಶದವರೇ ಕಳಿಸಿ, ಸಹಿ ಹಾಕಿ, ಒಪ್ಪಿಗೆ ಕೊಟ್ಟದ್ದು. ಗುಂಡಿ ಒತ್ತಿದೆ. ದೊಡ್ಡ ವಾದ್ಯವೃಂದದ ಭರ್ಜರಿ ಸದ್ದು, ಎಲ್ಲೂ ಒಂದು ಕೂದಲೆಳೆ ಆಚೀಚೆ ಇಲ್ಲ. ಮೆಟ್ಟಿಲ ಮೇಲೆ ಹುಡುಗಿ ಹಾಡುತ್ತಿದ್ದಳು, ಕೆಳಗೆ ಕಟಕಟೆಗೆ ಕೈಯಿಟ್ಟು ಶೀಲವ್ವ ಹಾಡುತ್ತಿದ್ದಳು. ಕೊನೆಯ ಸಾಲು ಮೇಲಿನ ಷಡ್ಜಕ್ಕೆ ಹೋಯಿತು, ನಿಂತಿತು, ಮುಗಿಯಿತು. ಒಂದು ಸೆಕೆಂಡು. ನನ್ನ ಬೆರಳು ಸಿಮೆಂಟಿನ ಗುಂಡಿಯ ಮೇಲೆ ಹೋಯಿತು.

ಆಗ ಶೀಲವ್ವ ತಿರುಗಿ ನನ್ನ ಕಡೆ ನೋಡಿದಳು. ಮೂರು ದಿನ ಕಂಬದ ಮರೆಯಲ್ಲಿದ್ದದ್ದು ಅವಳಿಗೆ ಗೊತ್ತೇ ಇತ್ತೇನೋ. ಬೆರಳನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದಳು, ಅವತ್ತು ಬೆಂಚಿನ ಹತ್ತಿರ ನಾನು ತಿರುಗಿಸಿದ ಹಾಗೆಯೇ. ಮತ್ತೆ ಗಟ್ಟಿಯಾಗಿ, ವಾದ್ಯವಿಲ್ಲದೆ, ಮೊದಲ ಸಾಲನ್ನು ಎತ್ತಿದಳು. ಅಷ್ಟೇ ಅಲ್ಲ, ಮೆಟ್ಟಿಲ ಮೇಲಿನ ಹುಡುಗಿಯೂ ನಗುತ್ತ ದನಿಗೂಡಿಸಿದಳು. ಅವಳಿಗೆ ಯಾರು ಕಲಿಸಿದ್ದರೆಂದು ಬೇರೆ ಹೇಳಬೇಕಿಲ್ಲ.

ಹೆಡ್‌ಫೋನಿನಲ್ಲಿ ಕಾರ್ತಿಕ್ ಕೂಗುತ್ತಿದ್ದ. "ಮೇಡಮ್, ಜಿಂಗಲ್! ಜಿಂಗಲ್ ಎಲ್ಲಿ? ಪ್ರೆಸ್ ಮಾಡಿ ಮೇಡಮ್!" ನಾನು ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟೆ. ಸಾಲು ಪೂರ್ತಿ ಮುಗಿಯುವ ತನಕ ಕೈ ಕಟ್ಟಿ ಕೂತೆ. ನನ್ನ ಕಣ್ಣಿಂದಲೂ ನೀರು ಬಂತು, ಒರೆಸಿಕೊಳ್ಳಲಿಲ್ಲ. ಸಿಮೆಂಟು ಆಮೇಲೆ ಬಂತು. ಅದರ ಬೆನ್ನಿಗೇ ಕೊನೆಯ ಮೆಮೊ ಬಂತು.

ಹೊರಗೆ ಬಂದು ಹಣಮಂತಪ್ಪನಿಗೆ ಫೋನು ಮಾಡಿದೆ. ಅವನಿಗೆ ಈಗ ಕಿವಿ ಸ್ವಲ್ಪ ಮಂದ, ಎರಡು ಸಲ ಕೂಗಿ ಹೇಳಬೇಕಾಯಿತು.

"ಹಣಮಂತಪ್ಪಾ, ಶೀಲವ್ವ ಬಂದಾಳೋ! ತಿರುಗಿ ಪಲ್ಲವಿಗೆ ಬಂದಳು. ಮನೀಗೆ ಬಂದಳಪಾ!"

ಅವನೂ ಅಷ್ಟೇ ಜೋರಾಗಿ ಕೇಳಿದ.

"ಬಾಗಲಾ ಯಾರು ತಗದ್ರಿ ಅಕ್ಕಾರ?"

"ನಾನ. ಗುಂಡಿ ಒತ್ತಲಿಲ್ಲ."